ಜಗಲಿಯ ಮೇಲಿನ ಚಾಪೆ

ಜಗಳೂರಿನ ಬಸ್ ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಅಂಗಡಿ ಇಟ್ಟಿರುವ ದಾಸಪ್ಪನಿಗೆ ಮುದ್ದೆ ಕಟ್ಟಲು ಬರುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಬರುವುದೂ ಅಷ್ಟಕ್ಕಷ್ಟೇ. ಮದುವೆಯಾದಾಗಿನಿಂದ ಹೆಂಡತಿ ದುರ್ಗಾಂಬಿಕಾ ಹೊರಗಾದಾಗಲೆಲ್ಲ ಒಲೆ ಅವನ ಪಾಲಿಗೆ. ಆ ಮೂರು ದಿನ ಅವಳು ಒಳಗೆ ಕಾಲಿಡುವಂತಿರಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ಅಲ್ಲಿಂದಲೇ ಅವನನ್ನು ಆಡಿಸುತ್ತಿದ್ದಳು.

“ನೀರು ಮಳ್ಳಿತೇನ್ರೀ?”

“ಮಳ್ಳೈತೆ.”

“ಸುಳ್ಳು. ಕುದಿಯೋ ಸದ್ದೇ ಇಲ್ಲ. ಈಗಲೇ ಹಿಟ್ಟು ಸುರುವಬ್ಯಾಡ್ರಿ, ಗಂಟಾಗ್ತೈತೆ. ಇದೇನು ನಿಮ್ಮ ಟ್ಯೂಬಿಗೆ ಪ್ಯಾಚ್ ಹಾಕಿದಂಗೆ ಅಂದ್ಕಂಡ್ರಾ?”

ಇಬ್ಬರೂ ಬಾಯ್ತುಂಬ ಮಾತಾಡುತ್ತಿದ್ದುದು ಆ ಮೂರು ದಿನ ಮಾತ್ರ. ಉಳಿದಂತೆ ಅವಳಿಗೆ ಪುರುಸೊತ್ತಿರಲಿಲ್ಲ, ಅವನಿಗೆ ಮಾತು ಹೊಳೆಯುತ್ತಿರಲಿಲ್ಲ.

ಹೋದ ವರ್ಷ ಚಾಪೆ ಬಿಚ್ಚುವುದು ತಿಂಗಳು ಬಿಟ್ಟು ತಿಂಗಳಾಯಿತು, ಆಮೇಲೆ ನಿಂತೇ ಹೋಯಿತು. ಅದು ಸುರುಳಿ ಸುತ್ತಿಕೊಂಡು ಬಾಗಿಲ ಹಿಂದೆ ಒರಗಿತು. “ಇನ್ನು ನನಗೆ ಒಲೆ ಕಾಟ ತಪ್ತು ಬಿಡು,” ಎಂದು ದಾಸಪ್ಪ ನಕ್ಕ. ಅವಳು ನಗಲಿಲ್ಲ.

ಅಲ್ಲಿಂದ ಮನೆಯ ರೀತಿಯೇ ಬೇರೆಯಾಯಿತು. ಪುಷ್ಯದ ಚಳಿಯಲ್ಲಿ ಅವಳಿಗೆ ಫ್ಯಾನು ಬೇಕು. ಮುದ್ದೆ ತಿರುವುತ್ತ ಇದ್ದಕ್ಕಿದ್ದಂತೆ ಮುಖ ಕೆಂಪಗಾಗಿ, ಕೋಲು ಬಿಟ್ಟು ಬಂದು ಕತ್ತಿಗೆ ನೀರು ಸುರಿದುಕೊಳ್ಳುವಳು. ಒಂದು ಮುಚ್ಚಳ ಬಿದ್ದರೂ ಸಿಡುಕು, ಸಿಡುಕಿದ ಮೇಲೆ ಅಳು. ಅವನು ಹತ್ತಿರ ಹೋದರೆ, “ದೂರ ಇರ್ರೀ, ಸೆಕೆ.” ದಾಸಪ್ಪ ಕಂಬಳಿ ಹೊದ್ದು ನಡುಮನೆಯಲ್ಲಿ ಮಲಗುವುದನ್ನು ಕಲಿತ. ನಾನು ಇವಳಿಗೆ ಬೇಡವಾದೆ ಎಂಬುದು ಅವನೊಳಗೆ ಮುಳ್ಳಿನಂತೆ ಕೂತಿತು.

ಒಂದು ಸೋಮವಾರ ಅವಳು ಬ್ಯಾಗಿಗೆ ಸೀರೆ ತುಂಬಿದಳು. ಉಬ್ರಾಣಿಯಲ್ಲಿ ಅವಳ ಅಣ್ಣನ ಮನೆ.

“ಎಷ್ಟು ದಿನಕ್ಕೆ?”

“ನೋಡಾಣ.”

ಬಸ್ಸು ಹತ್ತಿಸಿ ಬಂದವನನ್ನು ಪಕ್ಕದ ಮನೆಯ ಮುದುಕಿ ಅಜ್ಜಮ್ಮ ಕಟ್ಟೆಯಿಂದಲೇ ತಡೆದಳು.

“ಹೋದ್ಲೇನೋ?”

“ಹೋದ್ಲು. ನಾನೇನು ಮಾಡೀನಿ ಅಂತಾನೇ ತಿಳೀವಲ್ದು.”

“ಏನೂ ಮಾಡಿಲ್ಲ, ಅದೇ ಹೇಳಾದು. ಮುಟ್ಟು ನಿಲ್ಲೋ ಕಾಲದಾಗೆ ಮೈಯಾಗೇ ಒಲೆ ಉರೀತೈತೆ ಕಣೋ, ನನಗೂ ಆಗಿತ್ತು. ಅದ್ರ ಮ್ಯಾಲೆ ದಿನಾ ಗ್ಯಾಸಿನ ಮುಂದೆ ನಿಂದ್ರಬೇಕು. ಮೊದಲು ಮೂರು ದಿನನಾದ್ರೂ ಜಗಲಿ ಮ್ಯಾಲೆ ತಣ್ಣಗೆ ಕೂರ್ತಿದ್ಲು. ಈಗ ನಿನಗೆ ರಜಾ ಸಿಕ್ತು. ಆಕೆಗೆ?”

ದಾಸಪ್ಪ ಆ ದಿನ ಅಂಗಡಿಗೆ ಹೋಗಲಿಲ್ಲ. ಅವಳು ನಗದೆ ನಿಂತಿದ್ದ ಆ ಗಳಿಗೆ ಪದೇ ಪದೇ ಕಣ್ಣಿಗೆ ಕಟ್ಟಿತು.

ಸಂಜೆ ಚಾಪೆ ತಂದು ಜಗಲಿಯ ಮೇಲೆ ಹಾಸಿದ. ಏಕೆ ಹಾಸಿದೆ ಎಂದು ಅವನಿಗೇ ತಿಳಿಯದು. ಬರಿದಾದ ಚಾಪೆಯನ್ನು ನೋಡಲಾಗದೆ ಒಳಗೆ ಹೋಗಿ ನೀರಿಗಿಟ್ಟ. ಆಗ ಫೋನು ಬಡಿದುಕೊಂಡಿತು.

“ಊಟಕ್ಕೇನು ಮಾಡಿದ್ರಿ?”

“ಮುದ್ದೆಗೆ ಇಟ್ಟೀನಿ.”

“ನೀರು ಮಳ್ಳಿತೇನು?”

ಅವನು ಸ್ಪೀಕರ್ ಹಾಕಿ, ಫೋನನ್ನು ಒಯ್ದು ಚಾಪೆಯ ಮೇಲಿಟ್ಟು, ಒಲೆಯ ಬಳಿಗೆ ಬಂದು ಜೋರಾಗಿ ಹೇಳಿದ: “ಇನ್ನೂ ಇಲ್ಲ!”

“ಯಾಕೆ ಕೂಗ್ತೀರಿ? ಫೋನ್ ಎಲ್ಲಿಟ್ಟೀರಿ?”

“ನಿನ್ನ ಚಾಪೆ ಮ್ಯಾಲೆ.”

“ನನಗಿನ್ನು ಚಾಪೆ ಯಾಕೆ? ಮುಟ್ಟು ನಿಂತೈತೆ.”

“ನಿಂತ್ರೆ ನಿಲ್ಲಲಿ. ಚಾಪೆ ಅಲ್ಲೇ ಇರ್ತೈತೆ. ನಿನಗೆ ಸೆಕೆ ಅನಿಸಿದಾಗ ಬಂದು ಕೂತ್ಕಾ. ಮುದ್ದೆ ನಾನು ತಿರುವ್ತೀನಿ.”

ಯಾವಾಗ ಬರುತ್ತೀ ಎಂದು ಕೇಳಬೇಕೆನಿಸಿತು. ಧೈರ್ಯ ಬರಲಿಲ್ಲ. ಅವಳೂ ಹೇಳಲಿಲ್ಲ. ಪಾತ್ರೆಯಲ್ಲಿ ನೀರು ಕುದಿಯತೊಡಗಿತು.

“ಈಗ ಮಳ್ತು ನೋಡ್ರಿ,” ಅಂದಿತು ಜಗಲಿಯ ಮೇಲಿನ ದನಿ, ತುಸು ಒದ್ದೆಯಾಗಿ. “ಹಿಟ್ಟು ಹಾಕ್ರಿ.”