ಸದರಿ ಎಂಬ ಊರು

ಶಾರದಕ್ಕ ಸುಳ್ಳು ಹೇಳಿರಲಿಲ್ಲ. ಅವರ ಹಾಳೆಯನ್ನು ಸುಳ್ಳು ಮಾಡಿದವನು ನಾನು. ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಾದರೂ ಇದ್ದಿದ್ದರೆ — ಇಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರುವವನು. ಕೆಲಸಕ್ಕಿಂತ ಮಿಮಿಕ್ರಿಗೇ ನನ್ನ ಹೆಸರು. ಡಾಕ್ಟರ ಕೆಮ್ಮು, ಕಾಂಪೌಂಡರನ ಸೀನು, ಆವರಗೆರೆ ಆಟೋದವನ ಬೈಗುಳ, ಎಲ್ಲ ನನ್ನ ಗಂಟಲಲ್ಲಿದ್ದವು. ಸಂಬಳ ಹೆಚ್ಚಿಸಿ ಎಂದು ಕೇಳಲು ಹೋಗಿ ತೊದಲಿ ವಾಪಸು ಬಂದ ನನ್ನನ್ನೂ ನಾನೇ ಮಾಡಿ ತೋರಿಸುತ್ತಿದ್ದೆ, ಬೇರೆಯವರು ಮಾಡುವ ಮೊದಲು.

ಕ್ಲಿನಿಕ್ಕಿನ ವ್ಯಾನು ಹಳ್ಳಿಗಳಿಗೆ ಹೋಗಿ ಸಕ್ಕರೆ ಕಾಯಿಲೆ, ಬಿಪಿ ನೋಡಿ ಮಾತ್ರೆ ಕೊಟ್ಟು ಬರುತ್ತಿತ್ತು. ನಂದಿಗುಡಿ ಶಾರದಕ್ಕನ ಪಾಲಿನ ಊರು. ಡಾಕ್ಟರ ಬೆನ್ನು ಬಿದ್ದು ಆ ಊರನ್ನು ಸೇರಿಸಿದ್ದೇ ಹರಿಹರದವರಾದ ಈ ಅಕ್ಕ. ನರ್ಸುಗಳೆಲ್ಲ ಬಂದವರ ವಿವರ ತುಂಬಿ ಎಕ್ಸೆಲ್ ಹಾಳೆ ಕಳಿಸುವರು. ಒಬ್ಬೊಬ್ಬರದು ಒಂದೊಂದು ಅವತಾರ. ಒಬ್ಬರು ವಯಸ್ಸಿನ ಜಾಗದಲ್ಲಿ ‘ಮುದುಕ’ ಎಂದು ಬರೆದರೆ, ಇನ್ನೊಬ್ಬರು ಹಾಳೆಯ ಮೂರು ಚೌಕ ಕೂಡಿಸಿ ಒಂದು ಮಾಡಿರುವರು. ಅದನ್ನೆಲ್ಲ ಒಂದೇ ಅಚ್ಚಿಗೆ ಇಳಿಸಿ ರಿಪೋರ್ಟಿನ ಸಾಫ್ಟ್‌ವೇರಿಗೆ ಉಣಿಸುವುದು ನನ್ನ ಕೆಲಸ. ಅದು ಪರದೆಯ ಮೇಲೆ ಊರಿಗೊಂದು ಕಂಬ ಎಬ್ಬಿಸಿ ತೋರಿಸುತ್ತದೆ, ರೋಗಿಗಳು ಹೆಚ್ಚಿದ್ದಷ್ಟೂ ಕಂಬ ಎತ್ತರ. ಎಲ್ಲಕ್ಕಿಂತ ಗಿಡ್ಡ ಕಂಬದ ಊರಿಗೆ ಇನ್ನು ವ್ಯಾನು ಇಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು.

ಶಾರದಕ್ಕ ಹಳೇ ಕಚೇರಿ ರೂಢಿಯವರು. ಆ ದಿನದ ಮೊದಲ ರೋಗಿಯ ಮುಂದೆ ಮಾತ್ರ ‘ನಂದಿಗುಡಿ’ ಎಂದು ಬರೆದು ಕೆಳಗೆಲ್ಲ ‘ಸದರಿ’, ‘ಸದರಿ’ ಎಂದು ಇಳಿಸುವರು — ಮೇಲಿನದೇ ಊರು ಎಂಬ ಅರ್ಥದಲ್ಲಿ. ಕಣ್ಣಿದ್ದವನಿಗೆ ಅಷ್ಟು ಸಾಕು. ಸಾಫ್ಟ್‌ವೇರು ಮಾತ್ರ ಸದರಿಯನ್ನೇ ಒಂದು ಊರೆಂದು ನಂಬಿತು. ರಿಪೋರ್ಟ್ ನೋಡುವ ಮೀಟಿಂಗಿಗೆ ಡಾಕ್ಟರು ಇನ್ನೇನು ಕರೆಯಬೇಕು, ಆಗ ಪರದೆ ನೋಡಿದೆ. ಎಲ್ಲಕ್ಕಿಂತ ಎತ್ತರದ ಕಂಬ ಸದರಿಯದು! ನಗು ಬಂತು. ಅರ್ಥ ಗೊತ್ತಿರಲಿಲ್ಲ ಎಂದು ಹೇಳಲಾರೆ, ಗೊತ್ತಿತ್ತು. ಪ್ರತಿ ಸದರಿಯ ಜಾಗಕ್ಕೂ ಊರಿನ ಹೆಸರು ತುಂಬಿಸಬೇಕಿತ್ತು. ಬೇಜಾರು. ಊರುಗಳ ಪಟ್ಟಿಯಲ್ಲಿ ಸದರಿಯ ಮುಂದಿದ್ದ ಟಿಕ್ ತೆಗೆದುಬಿಟ್ಟೆ. ಕಂಬ ಮಾಯವಾಯಿತು. ಅದರೊಡನೆ ಯಾರು ಯಾರು ಮಾಯವಾದರು ಎಂದು ಆ ಕ್ಷಣಕ್ಕೆ ಯೋಚಿಸಲಿಲ್ಲ.

ಮೀಟಿಂಗಿನಲ್ಲಿ ಪ್ರೊಜೆಕ್ಟರು ಹಾಕಿದಾಗ ಗೋಡೆಯ ಮೇಲೆ ರಿಪೋರ್ಟ್ ಬಿತ್ತು. ನಂದಿಗುಡಿಯ ಕಂಬ ಉಗುರಿನಷ್ಟು.

“ಏನ್ರಿ ಶಾರದಮ್ಮ,” ಎಂದರು ಡಾಕ್ಟರು, “ಹೋದಾಗೆಲ್ಲ ಒಬ್ಬರೇ ಪೇಷಂಟಾ? ವ್ಯಾನ್ ತಗೊಂಡು ಖರೇನ ಅಲ್ಲಿಗೇ ಹೋಗ್ತಿದ್ರೇನು?”

ಅಕ್ಕ ಎದ್ದು ನಿಂತರು. “ಸಾರ್, ಸಾಲು ನಿಂತಿರ್ತಾರ್ರಿ. ನಾ ಬರೆದಿದ್ದ ಇನ್ನೊಮ್ಮೆ ನೋಡ್ರಿ.”

ಆಗ ನನಗೆ ಹೊಳೆಯಿತು. ಆ ಸಾಲೆಲ್ಲ ನಾನು ತೆಗೆದ ಸದರಿಯೊಳಗಿತ್ತು.

“ಏನಪ್ಪಾ ಮಂಜು, ನಿನ್ನ ಡಾಟಾ ಸರಿ ಐತೇನು?”

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕನೂ. ಒಂದೇ ಮಾತು ಸಾಕಿತ್ತು. ನನ್ನ ತಪ್ಪು ಎನ್ನಬೇಕಿತ್ತು, ಆದರೆ ನನ್ನ ಬಾಯಿಂದ ಹೊರಟಿದ್ದು ಅವರದೇ ದನಿ, ಅವರದೇ ಎಳೆತ: “ಸಾಲು ನಿಂತಿರ್ತಾರ್ರೀ…”

ಕೋಣೆ ನಕ್ಕಿತು. ಡಾಕ್ಟರೂ ನಕ್ಕರು, ಮುಂದಿನ ಊರಿಗೆ ಹೋದರು. ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದರು —

ವ್ಯಾನು ನಂದಿಗುಡಿ ಬಿಟ್ಟಿತು. ಅಕ್ಕನನ್ನು ಫೋನು ಎತ್ತುವ ಮೇಜಿಗೆ ಕೂರಿಸಿದರು. ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಹರಿಹರದಲ್ಲೇ ಒಂದು ನರ್ಸಿಂಗ್ ಹೋಮ್ ಸೇರಿದರು. ನಾನು ಆವತ್ತು ಸಂಜೆಯೇ ಹಾಳೆ ಸರಿಮಾಡಿದ್ದೆ. ಸರಿಮಾಡಿ, ಬಾಯಿ ಮುಚ್ಚಿಕೊಂಡೆ. ಸರಿಯಾದ ಹಾಳೆ ಎರಡು ವರ್ಷ ನನ್ನ ಹತ್ತಿರವೇ ಇತ್ತು.

ಮೊನ್ನೆ ನಂದಿಗುಡಿಯ ಹಾಲಮ್ಮ ಎಂಬ ಮುದುಕಿ ಬಸ್ಸು ಹತ್ತಿ ಕ್ಲಿನಿಕ್ಕಿಗೆ ಬಂದಿದ್ದಳು. ಮಾತ್ರೆ ತಪ್ಪಿ ಎಷ್ಟೋ ಕಾಲವಾಗಿತ್ತು. ಕಾಲಿನ ಹುಣ್ಣಿಗೆ ಸೀರೆಯ ಅಂಚು ಸುತ್ತಿಕೊಂಡಿದ್ದಳು. ಚೀಟಿ ಬರೆಯುತ್ತಿದ್ದ ನನ್ನನ್ನೇ ಕೇಳಿದಳು, “ಆ ನರ್ಸಕ್ಕ ಯಾಕ ಬರಲ್ಲಪ್ಪ? ನಮ್ಮೂರೋರು ಏನಾರ ಅಂದ್ರೇನು ಅವ್ರಿಗೆ?”

ಊರಿಗೆ ಊರೇ ತಾನು ತಪ್ಪು ಮಾಡಿದೆನೆಂದು ಯೋಚಿಸುತ್ತಿತ್ತು!

ಆವತ್ತೇ ಡಾಕ್ಟರ ಕೋಣೆಗೆ ಹೋಗಿ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ಹೇಳಿದೆ. ಯಾರ ದನಿಯಲ್ಲೂ ಅಲ್ಲ. ಅವರು ಎರಡನ್ನೂ ಸಾಲು ಸಾಲಾಗಿ ನೋಡಿದರು. ಬೈಯಲಿಲ್ಲ. ನಂದಿಗುಡಿಗೆ ವ್ಯಾನು ಮತ್ತೆ ಹೋಗುತ್ತದೆ ಎಂದರು, ಇನ್ನು ನಿನ್ನ ರಿಪೋರ್ಟಿನ ಜೊತೆ ಮೂಲ ಹಾಳೆಯೂ ಬರಬೇಕು ಎಂದರು. ಹಾಲಮ್ಮನ ಕಾಲಿನ ಬಗ್ಗೆ ನಾನು ಕೇಳಿದೆ. ಅವರು ರಿಪೋರ್ಟಿನತ್ತ ಕಣ್ಣು ತಿರುಗಿಸಿದರು.

ಆ ಸುದ್ದಿ ಹಿಡಿದು ಹರಿಹರಕ್ಕೆ ಹೋದೆ. ಕ್ಷಮೆ ಕೇಳುವಾಗ ಕೈಯಲ್ಲಿ ಏನಾದರೂ ಇರಲಿ ಎಂಬ ಚಪಲ, ನೋಡಿ. ಶಾರದಕ್ಕ ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ನಿಂತೇ ಎಲ್ಲ ಕೇಳಿದರು. ಸದರಿ, ಟಿಕ್, ವ್ಯಾನು, ಎಲ್ಲ. ಅವಸರದಲ್ಲಿದ್ದೆ ಅಕ್ಕ, ಹೆದರಿಬಿಟ್ಟೆ ಅಕ್ಕ ಎಂದೂ ಸೇರಿಸಿದೆ. ಅವರು ಕೈ ಎತ್ತಿ ತಡೆದರು.

“ದನಿ ಏನೋ ನಂದೇ ಚಂದ ಮಾಡಿದಿ, ತಮ್ಮಾ. ಆದ್ರೆ ಅವತ್ತು ನಾ ಎರಡು ಮಾತು ಹೇಳಿದ್ದೆ. ‘ಇನ್ನೊಮ್ಮೆ ನೋಡ್ರಿ’ ಅಂದಿದ್ದ ಯಾಕ ಬಿಟ್ಟಿ?”