ಶಿದ್ದಪ್ಪನ ಪಾದದ ಅಳತೆ

ನಲವತ್ತು ವರ್ಷಗಳಿಂದ ಉಣಕಲ್ಲಿನಲ್ಲಿ ನನ್ನ ಕೈಯ ಬಿಲ್ವಪತ್ರೆ ಇಲ್ಲದೆ ಮಣ್ಣಿಗೆ ಹೋದವರು ಒಬ್ಬರೂ ಇಲ್ಲ. ಇದರಲ್ಲಿ ಅರ್ಧ ಸುಳ್ಳು; ಯಾವ ಅರ್ಧ ಎಂದು ಹೇಳಲು ಅವರ‍್ಯಾರೂ ಎದ್ದು ಬರುವುದಿಲ್ಲ. ರುದ್ರಭೂಮಿಯ ಬಾಗಿಲಲ್ಲಿ ಪತ್ರೆ, ವಿಭೂತಿ ಮಾರುವ ನನಗೆ ಕಂಡಷ್ಟು ಶಿದ್ದಪ್ಪ ಬೇರೆ ಯಾರಿಗೂ ಕಂಡಿಲ್ಲ.

ಬೆಳಗಿನ ಐದೂವರೆ. ಅರವತ್ತೆರಡರ ಶಿದ್ದಪ್ಪ ಎದೆಯುದ್ದದ ಕುಣಿಯೊಳಗೆ ನಿಂತು ಮಳೆನೀರನ್ನು ಬಕೆಟ್ಟಿನಲ್ಲಿ ಎತ್ತಿ ಚೆಲ್ಲುತ್ತಿದ್ದಾನೆ. ಎರಡು ಬಕೆಟ್ಟಿಗೊಮ್ಮೆ ಕೆಮ್ಮುತ್ತಾನೆ. ಇವತ್ತು ಊರಲ್ಲಿ ಯಾರೂ ಸತ್ತಿಲ್ಲ.

ಕುಣಿ ತೋಡುವುದು ಇವನ ಮೂವತ್ತೊಂದು ವರ್ಷದ ಕಸುಬು. ಒಂಬತ್ತು ಸಾವಿರ ತೋಡಿದ್ದಾನೆ ಎನ್ನುತ್ತೇನೆ ನಾನು; ಎಂಟುನೂರು ಎನ್ನುತ್ತಾನೆ ಅವನು. ಪಾಪ, ಅವನಿಗೆ ಲೆಕ್ಕ ಬರುವುದಿಲ್ಲ. ಒಂದಕ್ಕೆ ಏಳು ತಾಸು ಬೇಕು. ಮೊದಲು ಸತ್ತವರ ಪಾದವನ್ನು ದಾರದಿಂದ ಅಳೆಯುತ್ತಾನೆ. ಆ ಅಳತೆಯಲ್ಲಿ ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಇಳಿಯಲು ಮೂರು ಮೆಟ್ಟಿಲು, ಹೆಣ ಕೂರಿಸಲು ಗೋಡೆಯಲ್ಲೊಂದು ಗೂಡು. ಒಬ್ಬರ ಅಳತೆಯ ಕುಣಿ ಬೇರೆ ಅಳತೆಯವರಿಗೆ ಸಲ್ಲದು. ತೋಡಿದ್ದನ್ನು ಖಾಲಿ ಮುಚ್ಚುವಂತೆಯೂ ಇಲ್ಲ.

ಕಳೆದ ಚಳಿಗಾಲದಲ್ಲಿ ಧಾರವಾಡದ ಚಿನ್ಮಯೀ ಕ್ಯಾಮೆರಾ ಹಿಡಿದು ಬಂದಳು. ಚಿತ್ರಕಲೆ ಓದಿದ ಹುಡುಗಿ. ಗೋಡೆಯ ಮೇಲೆ ವಿಡಿಯೋ ಬಿಟ್ಟು ಪ್ರದರ್ಶನ ಮಾಡುತ್ತಾಳೆ. ಇದ್ದದ್ದನ್ನು ಇದ್ದ ಹಾಗೆ ಹಿಡಿಯುತ್ತೇನೆಂದು ಒಂದು ವಾರ ಕಾದಳು. ಆ ವಾರ ಯಮನಿಗೂ ರಜೆ. ಕೊನೆಗೆ, ಸುಮ್ಮನೆ ಒಂದು ಕುಣಿ ತೋಡಿ ತೋರಿಸಿ ಎಂದಳು.

“ಬಾಯಾರ, ಯಾರ ಪಾದ ಅಳೀಲ್ರಿ?” ಎಂದು ಶಿದ್ದಪ್ಪ ಕೇಳಿದ.

“ಅಂದಾಜಿನ ಮ್ಯಾಲ ತೋಡ್ರಿ ಕಾಕಾ. ನೋಡಾವ್ರಿಗೆ ಏನ್ ಗೊತ್ತಾಗ್ತದ?”

ಅಂದಾಜಿನ ಮೇಲೆ ತೋಡಿ ಅವನಿಗೆ ರೂಢಿಯಿಲ್ಲ. ಬದುಕಿರುವ ಇನ್ನೊಬ್ಬರ ಪಾದ ಅಳೆದರೆ ಶಾಪ ಹಾಕಿದಂತೆ. ಚಪ್ಪಲಿ ಬಿಟ್ಟು ತನ್ನದೇ ಪಾದಕ್ಕೆ ದಾರ ಹಿಡಿದ. ಚೆಂದ ಕಾಣುತ್ತದೆ ಎಂದು ಚಿನ್ಮಯೀ ಅದನ್ನು ಹತ್ತಿರದಿಂದ ಹಿಡಿದಳು.

ಧಾರವಾಡದ ಪ್ರದರ್ಶನಕ್ಕೆ ಅವನು, ಅವನ ಹೆಂಡತಿ ರಾಜೇಶ್ವರಿ, ನಾನು ಮೂವರೂ ಹೋದೆವು. ‘ಉಣಕಲ್ಲಿನ ಒಂದು ಸಾವು’ ಎಂದು ಬರೆದಿತ್ತು. ನೋಡಿದವರು ಕಣ್ಣೊರೆಸಿಕೊಂಡರು. ಸತ್ತವರು ಯಾರೆಂದು ಕೇಳಿದವಳು ರಾಜೇಶ್ವರಿ ಒಬ್ಬಳೇ. ಅಷ್ಟರಲ್ಲಿ ಗಂಡನ ಪಾದ, ಅದರ ಮೇಲಿನ ದಾರ ಗೋಡೆಯಗಲ ಕಂಡವು. ಹೋಗಿ ಆ ದಾರವನ್ನು ಸೆರಗಿನಿಂದ ಒರೆಸಲು ನೋಡಿದಳು.

ಈಗ ಅವಳಿಗೆ ಒಂದೇ ಆಸೆ: ಅದೇ ಅಳತೆಯ ಹೆಣ ಬರಬೇಕು, ಆ ಕುಣಿ ತುಂಬಬೇಕು, ಗಂಡ ಉಳಿಯಬೇಕು. ಹೆಣದ ಮುಂದೆ ಹಲಗೆ ಬಾರಿಸಿದ ಸದ್ದು ಕೇಳಿದರೆ ಸಾಕು, ಒಲೆ ಮೇಲಿನ ರೊಟ್ಟಿ ಬಿಟ್ಟು ಬಂದು ರುದ್ರಭೂಮಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ಆರು ಹೆಣ ಬಂದವು. ಒಂದೂ ಹೊಂದಲಿಲ್ಲ.

ಕೆಮ್ಮಿಗೆ ಔಷಧ ತರಿಸಿಕೋ ಎಂದು ನಾನು ಹೇಳಿದರೆ ಶಿದ್ದಪ್ಪ ಬೇರೆಯದೇ ಹೇಳುತ್ತಾನೆ. “ಆಯಿ, ಎಲ್ಲಾರಿಗೂ ನಾ ತೋಡಿದೆ. ನನಗ ಯಾರ್ ತೋಡತಾರ? ಜೆಸಿಬಿ ತರ್ತಾರ. ಮೆಟ್ಲಾ ಇಲ್ಲ, ಗೂಡಾ ಇಲ್ಲ, ತೆಗ್ಗಿಗೆ ಒಗದು ಮುಚ್ಚತಾರ.” ಕುಣಿಯ ಕಡೆ ನೋಡಿ ದನಿ ತಗ್ಗಿಸುತ್ತಾನೆ. “ಕ್ಯಾಮೆರಾ ಇತ್ತಲ್ಲ ಎದುರಿಗೆ, ಇಂಥಾ ಗೂಡು ನನ್ನ ಜನ್ಮದಾಗ ಕೊರದಿಲ್ಲ.”

ಮೊನ್ನೆ ಸೋಮವಾರ ಮುರುಗೆಪ್ಪ ಎಂಬ ಹಿರಿಯರ ಹೆಣ ಬಂತು. ರಾಜೇಶ್ವರಿ ಬಾಗಿಲಲ್ಲೇ ಇದ್ದಳು. ಶಿದ್ದಪ್ಪ ಪಾದಕ್ಕೆ ದಾರ ಹಿಡಿದ, ತನ್ನ ದಾರದ ಜೊತೆ ಜೋಡಿಸಿ ನೋಡಿದ.

“ಎರಡ ಬೆರಳ ಕಮ್ಮಿ ಐತಿ,” ಎಂದು ಅವಳಿಗೆ ಕೇಳಿಸುವಂತೆ ಹೇಳಿ, ಆಚೆ ಕಡೆ ಹೊಸ ಕುಣಿಗೆ ಗುದ್ದಲಿ ಹಾಕಿದ. ಏಳು ತಾಸಿನ ಕೆಲಸ, ಕೆಮ್ಮುತ್ತ ಹನ್ನೊಂದು ತಾಸು ಹಿಡಿಯಿತು. ರಾಜೇಶ್ವರಿ ಅಳುತ್ತ ಮನೆಗೆ ಹೋದಳು.

ಆ ಎರಡು ದಾರಗಳ ಇನ್ನೊಂದು ತುದಿ ಹಿಡಿದಿದ್ದವಳು ನಾನು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಅವನು ಯಾಕೆ ಹಾಗೆ ಹೇಳಿದ? ರಾಜೇಶ್ವರಿಗೆ ನಾನು ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಈಗ ಅವನು ನೀರು ಎತ್ತಿ ಚೆಲ್ಲುತ್ತಿರುವುದು ಆ ಕುಣಿಯಿಂದಲೇ.