ಇನ್ಸುಲಿನ್ ಹುಡುಗಿಯ ಖೋ ಖೋ

ನಮ್ಮ ಅಕ್ಕನ ಮಗಳು ರೂಪಾಗೆ ಶಾಲೆಯಲ್ಲಿ ಒಂದು ದೊಡ್ಡ ಜವಾಬ್ದಾರಿ ಕೊಟ್ಟಿದ್ದರು. ಆಟದ ಪಿರಿಯಡ್ಡಿನಲ್ಲಿ ಉಳಿದವರ ಚಪ್ಪಲಿ ಕಾಯುವುದು.

ರಾಣೆಬೆನ್ನೂರಿನ ಹುಡುಗಿ, ಒಂಬತ್ತನೇ ಕ್ಲಾಸು. ಹಿಂದಿನ ವರ್ಷ ಡಯಾಬಿಟಿಸ್ ಬಂತು. (ಹೌದು, ಮಕ್ಕಳಿಗೂ ಬರುತ್ತದೆ. ‘ಬಹಳ ಸಿಹಿ ತಿಂದಳೇನ್ರಿ?’ ಎಂದು ಕೇಳಬೇಡಿ. ಇಡೀ ಓಣಿ ಆಗಲೇ ಕೇಳಿ ಮುಗಿಸಿದೆ.) ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಅದಕ್ಕೂ ಮೊದಲು ಖೋ ಖೋದಲ್ಲಿ ಶಾಲೆಗೇ ಚುರುಕಾಗಿದ್ದವಳು. ಅಕ್ಕ ಹೋಗಿ ಪಿ.ಟಿ. ಮಾಸ್ತರರಿಗೆ ಕೈಮುಗಿದು ಬಂದಳು: “ಸರ್, ಈಕೀನ್ನ ಓಡಸಬ್ಯಾಡ್ರಿ.”

ಮಾಸ್ತರರಿಗೂ ನಿರಾಳ. ಯಾರಿಗೆ ಬೇಕು ಉಸಾಬರಿ?

ಎರಡು ತಿಂಗಳ ಹಿಂದೆ ಅವಳನ್ನು ಹಾವೇರಿಯಲ್ಲಿ ಡಾಕ್ಟರಿಗೆ ತೋರಿಸುವಾಗ ನಾನೂ ಜೊತೆಗಿದ್ದೆ. “ಏನ್ ಆಟ ಆಡ್ತಿಯವಾ?” ಎಂದು ಡಾಕ್ಟರು ಕೇಳಿದರು. ರೂಪಾ ಅವ್ವನ ಮುಖ ನೋಡಿದಳು.

“ರೆಸ್ಟ್ ಮಾಡ್ತಾಳ್ರಿ,” ಅಂದಳು ಅಕ್ಕ.

“ಎದರ ರೆಸ್ಟು? ಆಡಾಕ ಬಿಡ್ರಿ. ಆಡೂ ಮೊದಲ ಶುಗರ್ ನೋಡ್ರಿ. ಕೈಯಾಗ ಗ್ಲೂಕೋಸ್ ಪುಡಿ ಇರ್ಲಿ. ಮೈ ನಡುಗಿದ್ರ ಆಟ ನಿಲ್ಲಿಸಿ ಅದನ್ನ ತಿನ್ನಬೇಕು, ಶುಗರ್ ಸರಿ ಆಗೂತನಕ ಕುಂದರಬೇಕು. ಇದನ್ನ ಮಾಸ್ತರಿಗೂ ಹೇಳ್ರಿ.”

“ಬಿದ್ದಗಿದ್ದರ ಯಾರು ಹೊಣಿರಿ?”

ಉತ್ತರ ಕೊಟ್ಟಿದ್ದು ರೂಪಾ. “ಬಿದ್ದರ ಏಳ್ತೇನಿ ಅವ್ವಾ. ಕುಂತು ಕುಂತು ಸಾಕಾಗೇತಿ ನನಗ.”

ಅಳಲಿಲ್ಲ. ಅತ್ತಿದ್ದರೆ ಅಕ್ಕ ಸಮಾಧಾನ ಮಾಡಿ ಮನೆಗೆ ಕರೆದೊಯ್ಯುತ್ತಿದ್ದಳು. ಅಳದೇ ಇದ್ದದ್ದರಿಂದ ಏನು ಮಾಡಬೇಕೋ ತಿಳಿಯದೆ ಒಪ್ಪಿಕೊಂಡಳು. ಮಾಸ್ತರರಿಗೂ ಡಾಕ್ಟರ ಮಾತು ತಿಳಿಸಿದಳು, ರೂಪಾ ಮತ್ತೆ ಟೀಮಿಗೆ ಸೇರಿದಳು.

ಹೋದ ವಾರ ಬ್ಯಾಡಗಿಯಲ್ಲಿ ಮ್ಯಾಚು. ನಾವೂ ಹೋದೆವು. ಅಕ್ಕನ ಚೀಲದಲ್ಲಿ ಶುಗರ್ ನೋಡುವ ಮಷಿನ್ನು, ಬಿಸ್ಕೀಟು, ಬಾಳೆಹಣ್ಣು, ಇಡೀ ಟೀಮಿಗಾಗುವಷ್ಟು ಗ್ಲೂಕೋಸು. ಗಾಳಿಯಲ್ಲಿ ಮೆಣಸಿನಕಾಯಿ ಘಾಟು. ನಮ್ಮ ಹುಡುಗಿಯರೆಲ್ಲ ಸೀನುತ್ತಿದ್ದರು. (ಬ್ಯಾಡಗಿಯವರು ಸೀನಲಿಲ್ಲ. ಹೋಮ್ ಗ್ರೌಂಡ್ ಅಂದರೆ ಇದೇ ಇರಬೇಕು.)

ಮೊದಲ ಇನ್ನಿಂಗ್ಸ್ ಅರ್ಧಕ್ಕೇ ರೂಪಾ ಕೈ ಎತ್ತಿದಳು. ಮುಖವೆಲ್ಲ ಬೆವರು, ಬೆರಳು ನಡುಗುತ್ತಿವೆ. ಮಾಸ್ತರರು ಗಾಬರಿಯಾಗದೆ ಬೇರೆ ಹುಡುಗಿಯನ್ನು ಇಳಿಸಿದರು. ರೂಪಾ ತಾನೇ ಗ್ಲೂಕೋಸು ಬಾಯಿಗೆ ಸುರುವಿಕೊಂಡು ಗಿಡದ ನೆರಳಿಗೆ ಕುಳಿತಳು. ಅಕ್ಕ ಅವಳ ಕೈ ಹಿಡಿದಿದ್ದಳು.

ಪಕ್ಕದಲ್ಲಿದ್ದ ಹಿರಿಯರೊಬ್ಬರು ಲೊಚಗುಟ್ಟಿದರು. “ಜಡ್ಡಿನ ಕೂಸಿನ್ನ ಯಾಕ ತಂದು ಆಡಸ್ತೀರಿ? ಮನ್ಯಾಗ ಇಟಗೋಬಾರ್ದ?”

ವರ್ಷವಿಡೀ ಅಕ್ಕ ಆಡಿದ ಮಾತೇ ಇದು. ಈಗ ತಲೆದೂಗುತ್ತಾಳೆ ಅಂದುಕೊಂಡೆ.

“ಶುಗರ್ ಇಳದೈತ್ರಿ ಅಜ್ಜಾರ, ಏರತೈತಿ,” ಅಂದಳು ಅಕ್ಕ. “ನೀವು ಸ್ವಲ್ಪ ಸರದು ಕುಂದ್ರಿ, ಆಕಿಗೆ ಗಾಳಿ ಬರ್ಲಿ.”

ಸ್ವಲ್ಪ ಹೊತ್ತು ಬಿಟ್ಟು ಮಷಿನ್ನಿನಲ್ಲಿ ನೋಡಿದಳು. ಶುಗರ್ ಸರಿಯಾಗಿತ್ತು. ಬಿಸ್ಕೀಟು ತಿನ್ನಿಸಿದಳು. ಎರಡನೇ ಇನ್ನಿಂಗ್ಸಿಗೆ “ಹೋಗು” ಅಂದವಳೂ ಅವಳೇ. ನಾನಲ್ಲ. ನಾನಿನ್ನೂ ಧೈರ್ಯ ಹುಡುಕುತ್ತಿದ್ದೆ.

ಕಥೆಯಾಗಿದ್ದರೆ ಇಲ್ಲಿ ರೂಪಾ ಗೆಲ್ಲಿಸಬೇಕಿತ್ತು. ಗೆಲ್ಲಿಸಲಿಲ್ಲ. ಕೊನೆಯ ಗಳಿಗೆಯಲ್ಲಿ, ಹಿಂದಿನವಳು ‘ಖೋ’ ಅನ್ನುವ ಮೊದಲೇ ಎದ್ದು ಓಡಿದಳು. ಫೌಲ್. ಸೋತರು.

ಮಾಸ್ತರರು ಎಲ್ಲರೆದುರು ಚೀರಿದರು: “ಕಿವಿ ಎಲ್ಲಿ ಇಟ್ಟಿದ್ದಿ? ಖೋ ಅನ್ನೂಮಟ ತಡಿಯಾಕ ಏನಾಗಿತ್ತ ನಿನಗ?”

ಅಕ್ಕ ಎದ್ದಳು. ನಾನು ಕೈಹಿಡಿದು ಕೂರಿಸಿದೆ.

ವಾಪಸು ಬಸ್ಸಿನಲ್ಲಿ ರೂಪಾ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದಳು. ಬೇಜಾರಾಗಿರಬೇಕು ಅಂತ, “ಹೋಗ್ಲಿ ಬಿಡವಾ, ಸರ್ ಸಿಟ್ಟಿನ್ಯಾಗ ಅಂದಾರ” ಎಂದೆ. ತಿರುಗಿದಳು. ಮುಖದ ತುಂಬ ನಗು.

“ಮಾಮಾ, ಸರ್ ನನಗ ಬೈದ್ರು! ಶುಗರ್ ಬಂದಾಗಿಂದ ಯಾರೂ ಬೈದೇ ಇರ್ಲಿಲ್ಲ.”

ಮನೆಯಲ್ಲಿ ಇಂಥ ಮಗುವಿರುವವರಿಗೆ ಒಂದೇ ಪ್ರಶ್ನೆ: ‘ಪಾಪ’ ಅನ್ನುವುದು ಬಿಟ್ಟು, ಕೊನೆಯ ಸಲ ಆ ಮಗುವಿಗೆ ಬೈದದ್ದು ಯಾವಾಗ?